ರಕ್ತ ಕಮ್ಮಿ ಐತಿ ಅಂದಿರಿ

ಬಳ್ಳಾರಿ
೧೨ ಜೂನ್ ೨೦೨೫, ಗುರುವಾರ

ಅವ್ವ,

ನೀನು ನನಗೆ ಸುಳ್ಳು ಹೇಳಿದೆ. ನನ್ನ ಮೈಯೊಳಗಿನ ರೋಗದ ಹೆಸರು ನಿನಗೆ ಗೊತ್ತು, ಶಶಿಕಾಂತ ಮಾವನಿಗೆ ಗೊತ್ತು, ನನಗೆ ಮಾತ್ರ ಹೇಳಿಲ್ಲ. ಇದು ಅನ್ಯಾಯ. ಫೋನಿನಲ್ಲಿ ಕೇಳಿದರೆ ನೀನು ಅಳುತ್ತೀ, ನಾನು ಕೂಗಾಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಮಾವ ನಾಳೆ ಸಿರುಗುಪ್ಪಕ್ಕೆ ನಿನ್ನಲ್ಲಿಗೆ ಬರುವಾಗ ಈ ಕಾಗದ ತಂದುಕೊಡುತ್ತಾನೆ.

ಸೋಮವಾರ ಆಸ್ಪತ್ರೆಯಲ್ಲಿ ನನಗೆ ಎರಡನೇ ಬಾಟಲಿ ಏರಿಸಿದ್ದರು. ಪಕ್ಕದ ಮಂಚದಲ್ಲಿ ರಾರಾವಿಯ ಹಂಪಕ್ಕ, ಓದು ಬಾರದವಳು. ತನ್ನ ಚೀಟಿ ಚಾಚಿ, "ತಂಗಿ, ಏನ್ ಬರದಾರ ಓದವ್ವ. ನನ್ ಮಗ ರಕ್ತ ಕಮ್ಮಿ ಐತಿ ಅಂತಾನ. ರಕ್ತ ಕಮ್ಮಿ ಆದ್ರ ಇಷ್ಟು ವಾಂತಿ ಬರ್ತೈತೇನು?" ಎಂದಳು.

ಓದಿದೆ. ಕ್ಯಾನ್ಸರ್. ಕಿಮೋಥೆರಪಿ, ಎರಡನೇ ಸಲ. ಕೆಳಗೆ ಔಷಧಿಯ ಹೆಸರು. ತಲೆಯೆತ್ತಿ ಅವಳ ಬಾಟಲಿ ನೋಡಿದೆ, ನನ್ನದನ್ನು ನೋಡಿದೆ. ಎರಡರ ಮೇಲೂ ಅದೇ ಹೆಸರು.

ನನಗೂ ನೀವು ರಕ್ತ ಕಮ್ಮಿ ಎಂದೇ ಹೇಳಿದ್ದಿರಿ. ನನ್ನ ಫೈಲನ್ನು ಮಾವ ಕಂಕುಳಿನಿಂದ ಕೆಳಗಿಳಿಸದಿದ್ದುದು ಯಾಕೆಂದು ಆಗ ತಿಳಿಯಿತು. ಆರೋಗ್ಯ ಎಲ್ಲರ ಹಕ್ಕು ಎಂದು ಸಂತೆಯಲ್ಲಿ ಕರಪತ್ರ ಹಂಚಿದವಳು ನಾನು. ನನ್ನ ನರಕ್ಕೆ ಬಿಡುತ್ತಿರುವುದೇನೆಂದು ಕೇಳಲಿಲ್ಲ.

ಕುರುಗೋಡಿನ ಗುಡಿಯಲ್ಲಿ ನಡೆದದ್ದೂ ಆಗಲೇ ಅರ್ಥವಾಯಿತು. ಮೊದಲ ಬಾಟಲಿಗೆ ಮೂರು ದಿನ ಮುಂಚೆ, ದೊಡ್ಡಬಸವೇಶ್ವರನಿಗೆ ನನ್ನ ಮುಡಿ ಕೊಡುವ ಹರಕೆ ಇದೆ ಎಂದೆ ನೀನು. ಮೂಢನಂಬಿಕೆ ಎಂದು ನಾನು ಜಗಳವಾಡಿದೆ. ನೀನು ನನ್ನ ಗದ್ದ ಹಿಡಿದು ಅತ್ತುಬಿಟ್ಟೆ, ನಾನು ತಲೆ ಬಗ್ಗಿಸಿದೆ. ಹರಕೆಯೇ ಇರಲಿಲ್ಲ, ಅಲ್ಲವೇ? ಔಷಧಿಗೆ ಕೂದಲು ಉದುರುವುದು ನನಗೆ ಕಾಣಬಾರದೆಂದು ನೀನು ಮೊದಲೇ ಬೋಳಿಸಿದೆ. ಸೋಮವಾರದ ಒಪ್ಪತ್ತು ಒಮ್ಮೆಯೂ ಮುರಿಯದ ನೀನು, ದೇವರನ್ನೂ ಸುಳ್ಳಿಗೆ ಸೇರಿಸಿಕೊಂಡೆ!

ನೀನೇ ಬಂದು, ನನ್ನ ಮುಖ ನೋಡಿ, ರೋಗದ ಹೆಸರು ಹೇಳಬೇಕು. ಅಲ್ಲಿಯತನಕ ಮೂರನೇ ಬಾಟಲಿಗೆ ಕೈ ಕೊಡುವುದಿಲ್ಲ.

ನಿನ್ನ ಮಗಳು,
ಗಂಗೋತ್ರಿ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು: ಹಂಪಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. "ರಕ್ತ ಕಮ್ಮಿ ಅಂತ ಬರದಾರ, ಅಕ್ಕ" ಎಂದುಬಿಟ್ಟೆ. "ಹಂಗಾದ್ರ ನನ್ ಮಗ ಖರೇನ ಹೇಳ್ಯಾನ ಬಿಡು" ಎಂದು ನಕ್ಕು, ಗೋಡೆ ಕಡೆ ಹೊರಳಿ ನಿದ್ದೆ ಹೋದಳು. ನನ್ನ ಮೂರನೇ ಬಾಟಲಿಯ ದಿನವೇ ಅವಳೂ ಬರುತ್ತಾಳೆ. ಅವಳಿಗೆ ನಿಜ ಹೇಳುವಾಗ ನೀನು ನನ್ನ ಪಕ್ಕದಲ್ಲಿರು. ಜೂನ್ ೧೬, ಸೋಮವಾರ, ಬೆಳಿಗ್ಗೆ ಎಂಟೂವರೆಗೆ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತೇನೆ. ಬಾ.