ಎರಡು ಬಾಟಲಿ ಆಯಿಲ್

ಜೂನ್ 3, ಮಂಗಳವಾರ

ಬೆಳಗ್ಗೆ ಎರಡು ಬ್ರೇಕ್, ಒಂದು ಕ್ಲಚ್. ಮಳೆ. ಕೋಣನಕುಂಟೆಯ ನಮ್ಮ ಗ್ಯಾರೇಜಿನ ಮುಂದೆ ಮತ್ತೆ ಕೆರೆ. ಬೈಯಲು ಯಾರೂ ಸಿಗಲಿಲ್ಲ, ಮಳೆಗೇ ಬೈದೆ.

ಹನ್ನೊಂದಕ್ಕೆ ಜಯನಗರದ ಇಂದ್ರಾಣಿ ಮೇಡಂ ಫೋನ್. ಬಿಳೇಕಹಳ್ಳಿ ಸಿಗ್ನಲ್ ಹತ್ತಿರ ಗಾಡಿ ನಿಂತಿದೆ, ಸ್ಟಾರ್ಟೇ ಆಗುತ್ತಿಲ್ಲ. ಮಾರ್ಚಿನಲ್ಲಿ ಅವರ ತಮ್ಮ ಸುಭಾಷನಿಂದ ಕೊಂಡದ್ದು — ಆಟೋಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಪವರ್ ಹೋಗುವಂಥದ್ದು. ಟೋಯಿಂಗ್ ದೇವರಾಜನನ್ನು ಕಳಿಸಿದೆ. ಅಲ್ಲಿಂದ ಕೇಳಿದ:

"ಅಣ್ಣ, ಇದು ಫೋರ್ ವೀಲು. ನಾಲ್ಕೂ ಚಕ್ರ ಮೇಲೆ ಹಾಕ್ಕೊಂಡು ಬರ್ಬೇಕಲ್ವಾ? ಫ್ಲಾಟ್‌ಬೆಡ್ ಬರೋಕೆ ಎರಡು ಗಂಟೆ ಆಗುತ್ತಂತೆ."

"ಏಯ್, ಇಲ್ಲೇ ತಾನೆ! ಮುಂದೆ ಎತ್ಕೊಂಡು ಎಳ್ಕೊಂಡು ಬಾರೋ."

ಮೂವತ್ತು ವರ್ಷದಿಂದ ಹಾಗೇ ತರಿಸಿದ್ದೇನೆ. ಬಂತು. ಬ್ಯಾಟರಿ ಟರ್ಮಿನಲ್ ಸಡಿಲ, ಅಷ್ಟೇ. ಹತ್ತು ನಿಮಿಷದ ಕೆಲಸ.

ಜೂನ್ 7, ಶನಿವಾರ

ಮೇಡಂ ಗಾಡಿ ಮತ್ತೆ ಬಂತು. "ಗೇಟಲ್ಲಿ ತಿರುಗ್ಸಿದ್ರೆ ಹಿಂದೆ ಗರಗರ ಅನ್ನುತ್ತೆ ಪಿಳ್ಳಣ್ಣ. ಯಾರೋ ಹಿಡ್ಕೊಂಡು ಎಳೆದ ಹಾಗೆ." ಮೀಟರಿನಲ್ಲಿ ಫೋರ್ ವೀಲ್ ಲೈಟ್ ಬೇರೆ ಉರಿಯುತ್ತಿದೆ.

ಪಕ್ಕದ ಖಾಲಿ ಸೈಟಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎರಡು ಸುತ್ತು ಹೊಡೆದೆ. ಹೌದು, ಜಗ್ಗುತ್ತದೆ. ಟೈರ್ ಅಳೆದೆ — ನಾಲ್ಕೂ ಒಂದೇ ಸಮ ಸವೆದಿವೆ, ಅವುಗಳ ತಪ್ಪಲ್ಲ. ಸ್ಕ್ಯಾನರ್ ಹಾಕಿದೆ. ಹಿಂದಿನ ಕಪ್ಲಿಂಗ್ ಕಾದುಹೋಗಿದೆ ಅಂತ ತೋರಿಸಿತು. ಎಂಜಿನ್ ಪವರನ್ನು ಹಿಂದಿನ ಚಕ್ರಕ್ಕೆ ಸೇರಿಸುವುದು ಅದೇ. ಅದರ ಆಯಿಲ್ ಇಳಿಸಿದೆ. ಡಾಂಬರಿನ ಹಾಗೆ ಕಪ್ಪು. ಸುಟ್ಟ ವಾಸನೆ. ಬೆರಳಲ್ಲಿ ಉಜ್ಜಿದರೆ ಕಬ್ಬಿಣದ ಪುಡಿ.

ಆಗಲೇ ಗೊತ್ತಾಯಿತು. ಮುಂದಿನ ಚಕ್ರ ಎತ್ತಿ ಹಿಂದಿನವನ್ನು ರೋಡಿನ ಮೇಲೆ ಉರುಳಿಸಿಕೊಂಡು ಬಂದರೆ... ದಾರಿಯುದ್ದಕ್ಕೂ ಒಳಗೊಳಗೇ ಉಜ್ಜಿಕೊಂಡು ಬೆಂದಿದೆ. ದೇವರಾಜ ಕೇಳಿದ್ದ. ಕೇಳಿಯೇ ಕೇಳಿದ್ದ.

ಮೇಡಂ ಪಕ್ಕದಲ್ಲೇ ನಿಂತಿದ್ದರು. "ಇದು ಮೊದ್ಲಿಂದಾನೇ ಇತ್ತಾ?"

"ಹೂಂ ಮೇಡಂ. ನೀವು ತಗೊಳ್ಳೋವಾಗ್ಲೇ ಇತ್ತು ಅನ್ಸುತ್ತೆ."

"ಅನ್ಸುತ್ತೆ" ಬೇರೆ! ಥೂ ನನ್ನ ಬಾಯಿಗಿಷ್ಟು.

ಜೂನ್ 8, ಭಾನುವಾರ

ಗ್ಯಾರೇಜಿಗೆ ರಜೆ, ಆದರೂ ಹೋದೆ. ಇಳಿಸಿದ ಆಯಿಲನ್ನೆಲ್ಲ ಸ್ವಲ್ಪ ಸ್ವಲ್ಪ ಹಳೇ ಟಾನಿಕ್ ಬಾಟಲಿಯಲ್ಲಿ ತುಂಬಿ, ಚೀಟಿ ಅಂಟಿಸಿ ಶೆಲ್ಫಿನಲ್ಲಿಡುವುದು ನನ್ನ ಅಭ್ಯಾಸ. ಗಿರಾಕಿಗೆ ತೋರಿಸಲಿಕ್ಕೆ. "ಪಿಳ್ಳಣ್ಣ ಸುಳ್ಳು ಹೇಳಲ್ಲ, ಬಾಟ್ಲಿ ನೋಡಿ" ಅಂತ ಎಷ್ಟು ಮೆರೆದಿದ್ದೇನೆ.

ಇತ್ತು. "ಇಂದ್ರಾಣಿ ಮೇಡಂ, ಹಿಂದಿನ ಕಪ್ಲಿಂಗ್, ಮಾರ್ಚ್ 11." ಗಾಡಿ ಕೊಂಡ ವಾರವೇ ನಾನೇ ಇಳಿಸಿದ್ದು. ಅಂದರೆ ಸುಭಾಷ್ ಓಡಿಸಿದ ಕಾಲದ ಆಯಿಲ್. ಜೇನುತುಪ್ಪದ ಬಣ್ಣ. ಒಂದು ಚೂರು ಪುಡಿ ಇಲ್ಲ.

ಜೇಬಿಗೆ ಹಾಕಿಕೊಂಡು ಮನೆಗೆ ತಂದು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಕಳ್ಳನ ಹಾಗೆ.

ಜೂನ್ 14, ಶನಿವಾರ

ಸುಭಾಷ್ ಬಂದಿದ್ದ, ಬನಶಂಕರಿಯಿಂದ. ಜಗಳಕ್ಕೆ ಬಂದ ಅಂದುಕೊಂಡೆ. ಇಲ್ಲ. ಕೂತ, ಟೀ ಕೂಡ ಮುಟ್ಟಲಿಲ್ಲ.

"ಇನ್ನೊಂದ್ಸಲ ನೋಡಿ ಪಿಳ್ಳಣ್ಣ. ಕೆಟ್ಟ ಗಾಡಿ ಕೊಟ್ಟೆ ಅಂತ ಬೈದ್ಲು ಅಕ್ಕ, ಈಗ ಫೋನೂ ಎತ್ತಲ್ಲ. ಅಮ್ಮ ಹೋದ್ಮೇಲೆ ಸಾಕಿದ್ದೇ ಅವಳು. ಅವಳಿಗೆ ಮೋಸ ಮಾಡ್ತೀನಾ ನಾನು? ಇಪ್ಪತ್ತೆರಡಕ್ಕೆ ಅಮ್ಮನಿಗೆ ಎಡೆ ಇಡ್ಬೇಕು, ವರ್ಷಾ ವರ್ಷಾ ಇಬ್ರೂ ಒಟ್ಟಿಗೇ ಇಡೋದು. ಈ ಸಲ ಬರಲ್ಲ ಅಂತ ಮೆಸೇಜ್ ಹಾಕಿದ್ದಾಳೆ."

"ನೋಡ್ತೀನಿ ಸಾರ್" ಅಂದೆ. ಏನು ನೋಡುವುದು? ನೋಡಿಯಾಗಿದೆ.

ಜೂನ್ 19, ಗುರುವಾರ

ಗುಜರಿಯಲ್ಲಿ ಒಳ್ಳೆಯ ಕಪ್ಲಿಂಗ್ ಸಿಕ್ಕಿತು. ಎರಡು ದಿನ ಕೂತು ಕೂರಿಸಿದೆ, ಹೊಸ ಆಯಿಲ್ ಹಾಕಿದೆ. ಖಾಲಿ ಸೈಟಿನಲ್ಲಿ ಹತ್ತು ಸುತ್ತು. ಗರಗರ ಇಲ್ಲ, ಲೈಟೂ ಇಲ್ಲ. ದುಡ್ಡು ಬೇಡ ಅಂದೆ. ಮೇಡಂ ಕಣ್ಣಲ್ಲಿ ನೀರು.

"ಸ್ವಂತ ತಮ್ಮ ಮುಚ್ಚಿಟ್ಟ. ನೀವಾದ್ರೂ ನಿಜ ಹೇಳಿದ್ರಲ್ಲ ಪಿಳ್ಳಣ್ಣ."

ಅಲ್ಲೇ ಹೇಳಬಹುದಿತ್ತು. ಕೈ ಒರೆಸಿದೆ. ಒರೆಸುತ್ತಲೇ ಇದ್ದೆ. ಹೊರಟುಹೋದರು.

ಜೂನ್ 21, ಶನಿವಾರ

ಹೆಂಡತಿ ಈಶ್ವರಮ್ಮ ಬಾಟಲಿ ಹಿಡಿದು ನಿಂತಿದ್ದಳು. "ಇದೇನಿದು ಅಕ್ಕಿ ಡಬ್ಬದ ಹಿಂದೆ? ಜೇನು ಅಂದ್ಕೊಂಡು ದೋಸೆಗೆ ಹಾಕೋಳಿದ್ದೆ!"

ನಗಬೇಕೆಂದುಕೊಂಡೆ. ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂತ ಕಾದೆ. ಬಾಟಲಿಯನ್ನು ಒರೆಸಿ ನನ್ನ ಮುಂದಿಟ್ಟು, "ನಾಳೆ ತಾನೆ ಎಡೆ?" ಅಂದಳು. ಅಷ್ಟೇ. ಊಟ ಸೇರಲಿಲ್ಲ.

ಜೂನ್ 22, ಭಾನುವಾರ, ಬೆಳಗ್ಗೆ 10.20

ಮೇಡಂ ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಎಂಟೂವರೆಗೆ ಜಯನಗರಕ್ಕೆ ಹೋದೆ. ಎರಡೂ ಬಾಟಲಿ ಟೇಬಲ್ ಮೇಲಿಟ್ಟೆ — ಮಾರ್ಚಿನದು, ಮೊನ್ನೆಯದು. ದೇವರಾಜ ಕೇಳಿದ್ದು, ನಾನು ಎಳ್ಕೊಂಡು ಬಾ ಅಂದದ್ದು, ಆಮೇಲೆ ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಮೇಡಂ ಕನ್ನಡಕ ಹಾಕಿಕೊಂಡು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಹೊತ್ತು.

"ಅವನು ಅತ್ಕೊಂಡು ಹೇಳ್ದ, ಅಕ್ಕ ನನ್ನ ನಂಬು ಅಂತ. ನಾನು ನಿಮ್ಮನ್ನ ನಂಬಿದೆ."

ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದರು. ಕೀ, ಬಾಟಲಿ ಎರಡೂ ನನ್ನ ಕೈಗೆ ಕೊಟ್ಟರು. "ನಡೀರಿ. ಅವನ ಮುಂದೆ ನೀವೇ ಹೇಳ್ಬೇಕು."

ಬನಶಂಕರಿಗೆ ಓಡಿಸಿದೆ. ಸುಭಾಷ್ ಮನೆಯ ಕ್ರಾಸ್ ಇಕ್ಕಟ್ಟು, ಸ್ಟೇರಿಂಗ್ ಪೂರ್ತಿ ತಿರುಗಿಸಬೇಕಾಯಿತು. ಗಾಡಿ ಒಂದು ಸದ್ದೂ ಮಾಡಲಿಲ್ಲ. ಅದಕ್ಕೂ ಖುಷಿಪಡಲಾಗಲಿಲ್ಲ.

ಮೇಡಂ ಮೊದಲು ಒಳಗೆ ಹೋದರು. ಹತ್ತು ನಿಮಿಷವಾಯಿತು. ಸಾಂಬ್ರಾಣಿ ವಾಸನೆ ಬರುತ್ತಿದೆ, ಎಡೆ ಇನ್ನೂ ಇಟ್ಟಿಲ್ಲವೇನೋ.

ಬಾಗಿಲು ತೆರೆಯಿತು. ಸುಭಾಷ್. ಅವನ ಹಿಂದೆ ಮೇಡಂ, ಕೈ ಅವನ ಭುಜದ ಮೇಲೆ. ನನ್ನನ್ನು ಕರೆಯುತ್ತಿದ್ದಾರೆ. ಬಾಟಲಿ ಎರಡನ್ನೂ ತೆಗೆದುಕೊಂಡು ಇಳಿಯುತ್ತಿದ್ದೇನೆ, ಅವನ ಮುಂದೆಯೂ ಹೇಳಲಿಕ್ಕೆ.