ಹಾಜಿರಾಬೀಗೆ ಬಂದ ಕಾಗದ

ಲಿಂಗಸುಗೂರು,
ಶುಕ್ರವಾರ, ೯ ಫೆಬ್ರವರಿ ೧೯೪೫

ನಮ್ಮ ಪೀರಮ್ಮನ ಅಪ್ಪನವರಿಗೆ ಗಾಳೆಮ್ಮನ ಶರಣು.

ನಿಮ್ಮ ಆರೋಗ್ಯ ಹೇಗಿದೆ? ಪೇಪರಿನ ಪ್ರೆಸ್ಸಿನಲ್ಲಿ ಸೀಸದ ಅಚ್ಚು ಜೋಡಿಸಿ ಜೋಡಿಸಿ ಬೆರಳ ತುದಿಗಳು ಒಡೆದಿವೆ ಎಂದು ಬರೆದಿದ್ದಿರಿ. ಎಣ್ಣೆ ಹಚ್ಚುತ್ತೀರೋ ಇಲ್ಲವೋ. ಉಣ್ಣುವ ಮೊದಲು ಕೈ ತಿಕ್ಕಿ ತೊಳೆಯಿರಿ, ಸೀಸ ಹೊಟ್ಟೆಗೆ ಹೋಗಬಾರದೆಂದು ನೀವು ಕಳಿಸಿದ ಹಳೆಯ ಪೇಪರಿನಲ್ಲೇ ಓದಿದೆ. ಹುಬ್ಬಳ್ಳಿಯ ಖಾನಾವಳಿ ಊಟ ಮೈಗೆ ಹಿಡಿಯುತ್ತದೆಯೇ? ನಾನು ಆರಾಮಾಗಿದ್ದೇನೆ. ಪೀರಮ್ಮ ಪೂರಾ ಚೇತರಿಸಿಕೊಂಡಿದ್ದಾಳೆ, ರೊಟ್ಟಿ ತಿನ್ನುತ್ತಾಳೆ, ಅಂಗಳದಲ್ಲಿ ಓಡಾಡುತ್ತಾಳೆ. ಈ ಸಾಲನ್ನು ಮೊದಲೇ ಬರೆದಿದ್ದೇನೆ, ಮುಂದಿನದನ್ನು ನೀವು ಎದೆ ಒಡೆದುಕೊಳ್ಳದೆ ಓದಲೆಂದು.

ಸೋಮವಾರ ನಿಮ್ಮ ಲಕೋಟೆ ಬಂತು. ಒಳಗೆ ನನಗೊಂದು ಕಾಗದ, ನೆರೆಮನೆಯ ಹಾಜಿರಾಬೀಗೊಂದು. ನಮ್ಮ ಓಣಿಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ, ಅದೂ ನೀವೇ ಪೇಪರಿನ ದಪ್ಪಕ್ಷರ ತೋರಿಸಿ ಕಲಿಸಿದ್ದು. ಹೀಗಾಗಿ ಅವಳ ಕಾಗದವನ್ನೂ ನಾನೇ ಓದಿ ಹೇಳಬೇಕು. ಟಪಾಲಿನವನು ಹೋಗುವಷ್ಟರಲ್ಲಿ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತಳು. ‘ಏನ ಬರದಾನವಾ ನನ್ನ ಮಗ? ಆರಾಮ ಅದಾನೇನು?’ ಎಂದಳು; ನಿಮ್ಮನ್ನು ಅವಳು ಹಡೆದ ಮಗನ ಹಾಗೇ ಕರೆಯುವುದು. ನೀವು ಬರೆದದ್ದು ಇದು: ನನ್ನ ಮಗಳಿಗೆ ಅಫೀಮು ತಿನ್ನಿಸಿದ ಕೈ ಇನ್ನು ಅವಳನ್ನು ಮುಟ್ಟುವುದು ಬೇಡ, ನಮ್ಮ ಹೊಸ್ತಿಲಿಗೂ ಬರುವುದು ಬೇಡ. ನಾನು ಓದಿದ್ದು: ‘ಹಾಜಿರಾಬೀ, ನಾನು ಆರಾಮ ಅದೀನಿ, ನೀವೂ ಆರಾಮ ಇರ್ರಿ.’ ಅವಳು ಕಾಗದವನ್ನು ಕೆಳಗೂ ಮೇಲೂ ನೋಡಿದಳು. ‘ಇಷ್ಟುದ್ದ ಕಾಗದದಾಗ ಇಷ್ಟ ಐತೇನು?’ ಎಂದಳು. ಅಕ್ಷರ ದೊಡ್ಡವು ಎಂದು ಹೇಳಿ ಮಡಚಿ ಇಟ್ಟೆ. ನಾಲ್ಕು ದಿನವಾಯಿತು.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಹಾಜಿರಾಬೀ ಅಫೀಮು ಕೊಟ್ಟಿಲ್ಲ. ಕೊಟ್ಟವಳು ನಾನು. ಹೇಗಾಯಿತೆಂದು ಮೊದಲಿನಿಂದ ಬರೆಯುತ್ತೇನೆ, ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡಿ.

ಪೀರಮ್ಮ ಮೂರು ತಿಂಗಳ ಕೂಸಿದ್ದಾಗ ಹತ್ತಿ ಗಿರಣಿಗೆ ಹೋಗತೊಡಗಿದೆ. ಅಲ್ಲಿನ ತಾಯಂದಿರೆಲ್ಲ ಬೆಳಿಗ್ಗೆ ಕೂಸಿನ ನಾಲಿಗೆಗೆ ಸಾಸಿವೆ ಕಾಳಿನಷ್ಟು ಅಫೀಮು ತಾಗಿಸಿ, ಮೂಲೆಯ ಹತ್ತಿಯ ಮೇಲೆ ಮಲಗಿಸಿ ಕೆಲಸಕ್ಕೆ ನಿಲ್ಲುತ್ತಿದ್ದರು. ನಾನೂ ಹಾಗೇ ಮಾಡಿದೆ. ತಪ್ಪೆಂದು ಯಾರೂ ಹೇಳಲಿಲ್ಲ. ಹೋದ ವರ್ಷವಲ್ಲ, ಅದರ ಹಿಂದಿನ ದಸರೆಗೆ ನೀವು ಬಂದಾಗ ಕೂಸಿಗೆ ಒಂದೂವರೆ ವರ್ಷ. ನಿಲ್ಲುತ್ತಿರಲಿಲ್ಲ, ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಅಳುವುದೂ ಕಡಿಮೆ. ಒಳ್ಳೆಯ ಕೂಸು, ಕಾಟವಿಲ್ಲ ಎಂದು ನಾನು ಹೆಮ್ಮೆ ಪಡುತ್ತಿದ್ದೆ. ನೀವು ಅವಳನ್ನೆತ್ತಿಕೊಂಡು ಹೋಗಿ ಹಾಜಿರಾಬೀಯ ಮಡಿಲಲ್ಲಿ ಇಟ್ಟಿರಿ. ಮೂರು ದಿನ ಕೂಸು ಅಫೀಮಿಗಾಗಿ ಕಿರುಚಿತು, ಮೂರು ದಿನವೂ ಅವಳು ಹೆಗಲಿನಿಂದ ಇಳಿಸಲಿಲ್ಲ.

ಆಮೇಲೆ ಆದದ್ದು ನಿಮಗೆ ಗೊತ್ತು. ಅವಳು ಕೌದಿ ಹೊಲಿಯುತ್ತ ಕಟ್ಟೆಯ ಬಿಸಿಲಿಗೆ ಕೂತಿರುತ್ತಾಳೆ, ಕೂಸು ಬಟ್ಟೆಯ ಚೂರುಗಳ ನಡುವೆ. ಆ ಹೆಂಗಸಿನ ಬಾಯಿ ನಿಲ್ಲುವುದೇ ಇಲ್ಲ. ಸೂಜಿಯ ಜೊತೆ ಮಾತು, ದಾರದ ಜೊತೆ ಮಾತು, ಹಾಯ್ದು ಹೋಗುವ ಕೋಳಿಯ ಜೊತೆ ಮಾತು. ‘ಇದು ಹರಾ, ಹಸರು. ಇದು ಲಾಲ್, ಕೆಂಪು. ಎಲ್ಲೈತಿ ಹರಾ? ಕೊಡು ನನಗ’ ಎಂದು ಉತ್ತರ ಬಾರದ ಕೂಸಿಗೆ ದಿನಕ್ಕೆ ನೂರು ಸಲ ಕೇಳುತ್ತಿದ್ದಳು. ಜೋಳದ ಅಂಬಲಿ, ಬೇಳೆಕಟ್ಟು, ಅರೆದ ಶೇಂಗಾ ತಿನ್ನಿಸಿದಳು. ನಾಲ್ಕು ತಿಂಗಳಿಗೆ ಕೂಸು ನಡೆಯಿತು. ಉಗಾದಿಯ ಹೊತ್ತಿಗೆ ಹಸಿರು ಚೂರು ಎತ್ತಿ ಕೊಟ್ಟು ‘ಹರಾ’ ಎಂದಿತು.

ನನಗೆ ಸಂತೋಷವಾಗಲಿಲ್ಲ ಎಂದಲ್ಲ. ಆದರೆ ನಾನು ಗಿರಣಿಯಿಂದ ಬರುವಷ್ಟರಲ್ಲಿ ಕೂಸಿಗೆ ಕಣ್ಣು ಎಳೆಯುತ್ತಿರುತ್ತದೆ. ನೀವು ಪ್ರತಿ ಕಾಗದದಲ್ಲಿ ಕೇಳುತ್ತೀರಿ, ಹೊಸ ಮಾತು ಎಷ್ಟು ಬಂದವು ಎಂದು. ಅದಕ್ಕೆ ಉತ್ತರ ಬರೆಯಲು ನಾನು ಹಾಜಿರಾಬೀಯ ಕಟ್ಟೆಗೆ ಹೋಗಿ, ನನ್ನ ಕೂಸು ಏನು ಮಾತಾಡುತ್ತದೆಂದು ಅವಳನ್ನು ಕೇಳಬೇಕು. ಒಂದು ಸಲ ಕೂತು ಪಟ್ಟಿ ಮಾಡಿದೆ. ಅರವತ್ತಮೂರು ಮಾತು. ಅವುಗಳಲ್ಲಿ ಅವಳಿಂದ ಬಂದವು ಅರವತ್ತು. ನನ್ನಿಂದ ಬಂದವು ಮೂರು: ಬ್ಯಾಡ, ಸುಮ್ಕಿರು, ಮಲ್ಕೊ. ಆ ಪಟ್ಟಿಯನ್ನು ನಿಮಗೆ ಕಳಿಸಲಿಲ್ಲ.

ಕೂಸು ಅವಳಿಗೆ ನಾನಿ ಅನ್ನುತ್ತದೆ. ನನಗೆ, ಹಾಜಿರಾಬೀ ಕರೆಯುವುದನ್ನು ಕೇಳಿ ಕೇಳಿ, ಗಾಳೆವ್ವ ಅನ್ನುತ್ತದೆ. ‘ನಾನೀ, ಗಾಳೆವ್ವ ಬಂದ್ಲು’ ಎಂದು ಊರಿಂದ ಬಂದ ಬೀಗಿತ್ತಿಯ ಸುದ್ದಿ ಹೇಳಿದ ಹಾಗೆ ಹೇಳುತ್ತದೆ. ನನ್ನ ಪಕ್ಕದ ಯಂತ್ರದಲ್ಲಿ ನಿಲ್ಲುವ ಬಸ್ಸಮ್ಮ ನಗುತ್ತ, ‘ಬಿಡವಾ ಗಾಳಿ, ನೀ ಹಡದಿ, ಆಕಿ ತಾಯಿ ಆದ್ಲು’ ಎಂದದ್ದು ನನಗೆ ಚುಚ್ಚಿ ಕೂತಿತು. ನೀವಾದರೂ ಏನು ಮಾಡಿದಿರಿ? ಹೋದ ದಸರೆಗೆ ಬಂದವರು ‘ಹಾಜಿರಾಬೀ ಕೈಯಾಗ ಕೂಸು ಬದುಕಿತು ನೋಡು’ ಎಂದಿರಿ. ಅದಾದ ಮೇಲಿನ ಕಾಗದದಲ್ಲಿ ಅವಳ ಬಗ್ಗೆ ಒಂಬತ್ತು ಸಾಲು, ನನ್ನ ಬಗ್ಗೆ ಎರಡು. ಆ ಎರಡರಲ್ಲಿ ಒಂದು ನಮ್ಮ ಆಡಿನ ವಿಚಾರ.

ಜನವರಿ ಇಪ್ಪತ್ತರ ಶನಿವಾರ ಗಿರಣಿಯ ಇಂಜಿನು ಕೆಟ್ಟು ಮಧ್ಯಾಹ್ನಕ್ಕೇ ಬಿಟ್ಟರು. ಓಡುತ್ತ ಬಂದೆ. ಪೀರಮ್ಮ ಚಿಂದಿಯ ಗೊಂಬೆಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಉಣಿಸುತ್ತಿದ್ದಳು. ‘ಉಣ್ಣು ನನ್ನ ಬಂಗಾರ, ನಾನಿ ಅದೀನಿ’ ಎನ್ನುತ್ತಿದ್ದಳು. ಆಟದಲ್ಲಿ ಕೂಡ ಅವಳಿಗೆ ಅವ್ವ ಆಗುವುದು ಹೊಳೆದಿರಲಿಲ್ಲ. ಕೂಸಿನ ರಟ್ಟೆ ಹಿಡಿದು ಎತ್ತಿಕೊಂಡೆ. ನಾಳೆಯಿಂದ ನನ್ನ ಕೂಸನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಹಾಜಿರಾಬೀ ಹೊಲಿಯುವುದನ್ನು ನಿಲ್ಲಿಸಿ, ‘ಒಯ್ಯವಾ, ನಿನ್ನ ಕೂಸು. ಗಿರಣಿಗೆ ಮಾತ್ರ ಒಯ್ಯಬ್ಯಾಡ’ ಎಂದಳು. ಅವಳು ಬೇಡ ಎಂದದ್ದಕ್ಕೇ ಒಯ್ದೆ.

ಮೊದಲು ಅಲ್ಲಿ ಮಲಗಿರುತ್ತಿದ್ದ ಕೂಸಲ್ಲ ಇದು. ಯಂತ್ರ ಕಂಡರೆ ಓಡುತ್ತದೆ, ಚಕ್ರಕ್ಕೆ ಹಾಕಿದ ಪಟ್ಟಾ ತಿರುಗುವುದನ್ನು ಮುಟ್ಟಲು ಹೋಗುತ್ತದೆ. ಕೆಲಸದವರ ಮೇಲಿನ ಮುಕದ್ದಮ ಲಾಲಪ್ಪ ಚೀರಿದ: ‘ಲೇ ಗಾಳಿ, ಕೂಸು ಪಟ್ಟಾಕ ಸಿಕ್ರ ನಾ ಜವಾಬ್ದಾರ ಅಲ್ಲ. ಕೂಸರ ಇಟ್ಕೊ, ಕೆಲಸರ ಇಟ್ಕೊ!’ ಬಸ್ಸಮ್ಮ ಸೆರಗಿನ ಗಂಟು ಬಿಚ್ಚಿ ಅಫೀಮು ಕೊಟ್ಟಳು. ಎಳೆಗೂಸಿದ್ದಾಗ ಸಾಸಿವೆಯಷ್ಟು ಕೊಡುತ್ತಿದ್ದೆ, ಈಗ ಮೈ ಬೆಳೆದಿದೆ, ಹೆಚ್ಚು ಬೇಕು ಎಂದು ಲೆಕ್ಕ ಹಾಕಿದೆ. ಅಭ್ಯಾಸ ಬಿಟ್ಟ ಮೈಗೆ ಮೊದಲಿನಷ್ಟು ಕೂಡ ವಿಷ ಎಂದು ದವಾಖಾನೆಯ ಡಾಕ್ಟರು ಹೇಳಿದ ಮೇಲೆ ತಿಳಿಯಿತು. ಮೊದಲ ಎರಡು ದಿನ ಪೀರಮ್ಮ ಮಲಗಿ ಎದ್ದಳು. ಮೂರನೆಯ ದಿನ, ಮಂಗಳವಾರ, ಮಧ್ಯಾಹ್ನದ ಬಿಡುವಿಗೆ ಹೋಗಿ ನೋಡಿದರೆ ತುಟಿ ನೀಲಿ, ಉಸಿರು ಒಂದು ಬಂದು ಇನ್ನೊಂದಕ್ಕೆ ತಡ. ಎತ್ತಿಕೊಂಡು ಓಡಿದೆ. ಕಾಲು ಹೋದದ್ದು ದವಾಖಾನೆಗಲ್ಲ, ಹಾಜಿರಾಬೀಯ ಕಟ್ಟೆಗೆ. ಅವಳು ಕೂಸಿನ ಬಾಯಿ ಮೂಸಿದಳು, ನನ್ನ ಮುಖ ನೋಡಿದಳು, ಕಸಿದುಕೊಂಡು ದವಾಖಾನೆಗೆ ಓಡಿದಳು.

ಡಾಕ್ಟರು ‘ಯಾರು ಕೊಟ್ಟಿದ್ದು ಅಫೀಮು?’ ಎಂದು ಗದರಿದರು. ಹಾಜಿರಾಬೀ, ‘ಅದನ್ನ ಆಮ್ಯಾಲ ಕೇಳ್ರಿ ಸಾಹೇಬ್ರ, ಮೊದ್ಲ ಕೂಸನ್ನ ಎಬ್ಬಸ್ರಿ’ ಎಂದಳು. ಡಾಕ್ಟರು ಔಷಧ ಹಾಕಿ, ಮಲಗಲು ಬಿಡಬೇಡಿ, ಮಾತಾಡಿಸುತ್ತಲೇ ಇರಿ ಎಂದರು. ದೀಪ ಹಚ್ಚುವವರೆಗೆ ಅವಳು ದವಾಖಾನೆಯ ಪಡಸಾಲೆಯಲ್ಲಿ ಕೂಸನ್ನು ಹೊತ್ತು ತಿರುಗಿದಳು. ನಾನು ಪೀರಮ್ಮಾ ಪೀರಮ್ಮಾ ಎಂದು ಕರೆದೆ, ರೆಪ್ಪೆ ಅಲುಗಲಿಲ್ಲ. ಅವಳು ‘ಹರಾ ಎಲ್ಲೈತಿ ಹೇಳು, ನನ್ನ ಜಾನ್, ಹರಾ ಎಲ್ಲೈತಿ’ ಎಂದಾಗ ಕೂಸಿನ ತುಟಿ ಮಿಸುಕಿತು. ‘ಅಲ್ಲೈತಿ’ ಎಂದಿತು. ಆಗ ನನ್ನೊಳಗೆ ಮೊದಲು ಎದ್ದದ್ದು ಸಂತೋಷವಲ್ಲ. ಸಾವಿನ ಬಾಯಿಂದ ಬಂದ ಮಗಳು ನನ್ನ ದನಿಗೆ ಬರಲಿಲ್ಲವಲ್ಲ ಎಂಬ ಉರಿ. ಆದದ್ದು ಹಾಗೆಯೇ.

ಮರುದಿನ ನಿಮಗೆ ಬರೆದೆ: ‘ಕೂಸಿಗೆ ಅಫೀಮು ಏರಿತ್ತು. ಹಾಜಿರಾಬೀಯ ಕೈಯಲ್ಲಿತ್ತು. ಯಾರು ಕೊಟ್ಟರೆಂದು ಡಾಕ್ಟರು ಕೇಳಿದರೆ ಅವಳು ಬಾಯಿ ಬಿಡಲಿಲ್ಲ.’ ಮೂರು ಸಾಲೂ ನಿಜ. ನಡುವಿನ ಸಾಲುಗಳನ್ನು ಬಿಟ್ಟೆ. ನೀವು ಪೇಪರಿನವರು, ಬಿಟ್ಟ ಸಾಲು ಏನು ಮಾಡುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಂದಿನಿಂದ ಮನೆಯಲ್ಲೇ ಇದ್ದೇನೆ. ಕೂಸನ್ನು ಮಾತಾಡಿಸಲು ಕೂಡುತ್ತೇನೆ, ಇದೇನು ಅದೇನು ಎಂದು ಎರಡು ಕೇಳಿ ಮೂರನೆಯದು ತೋಚುವುದಿಲ್ಲ. ನಿನ್ನೆ ರೊಟ್ಟಿ ಬಡಿಯುತ್ತ, ಹಿಟ್ಟು ಹಾಕಿದೆ, ನೀರು ಹಾಕಿದೆ, ತಟ್ಟಿದೆ ಎಂದು ಒಂದೊಂದೇ ಹೇಳಿದೆ. ಕೂಸು ನಕ್ಕು, ‘ನೀ ನಾನಿಯಂಗ ಮಾತಾಡ್ತಿ’ ಎಂದಿತು. ಮೆಚ್ಚಿ ಹೇಳಿತೋ ಏನೋ. ಮಸ್ಕಿಗೆ, ನಮ್ಮ ಅವ್ವನ ಹತ್ತಿರ ಬಿಡಲೇ ಎಂದೂ ಯೋಚಿಸಿದೆ. ಆದರೆ ಮೊದಲ ಸಲ ಉಗುರ ತುದಿಯಲ್ಲಿ ಅಫೀಮು ಹಿಡಿದು ತೋರಿಸಿಕೊಟ್ಟವಳು ಅವ್ವನೇ. ನಾಳೆ ಗಿರಣಿಗೆ ಹೋಗದಿದ್ದರೆ ಲಾಲಪ್ಪ ನನ್ನ ಜಾಗಕ್ಕೆ ಬೇರೆಯವರನ್ನು ನಿಲ್ಲಿಸುತ್ತಾನೆ. ಇತ್ತ ಹಾಜಿರಾಬೀಯ ಮಗಳು ಶಾಕೀರಾ ಸಿಂಧನೂರಿನಿಂದ ಹೇಳಿ ಕಳಿಸಿದ್ದಾಳೆ, ಬಂದು ನಮ್ಮ ಜೊತೆಗೇ ಇರು ಎಂದು. ಮೊನ್ನೆ ಹಾಜಿರಾಬೀ ಕೇಳಿದಳು: ‘ಕೂಸನ್ನ ಕಳಸ್ತಿ ಅಂದ್ರ ಇರ್ತೀನಿ. ಇಲ್ಲಂದ್ರ ಈ ಐತವಾರ ಹೊಂಟೆ. ಇಲ್ಲಿ ಕುಂತು ಗ್ವಾಡಿ ಜೋಡಿ ಮಾತಾಡ್ಲೇನು?’

ನಿಮ್ಮ ತಮ್ಮ ಅಂಬಪ್ಪ ಆರಾಮಾಗಿದ್ದಾನೆ, ನಿಮಗೆ ಶರಣು ಹೇಳಿದ್ದಾನೆ. ಕೂಸಿನ ಮುತ್ತು. ಮೈ ಕಡೆ ನೋಡಿಕೊಳ್ಳಿ.

ನಿಮ್ಮ
ಗಾಳೆಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಹಾಜಿರಾಬೀಯನ್ನು ಕರೆದು ನಿಮ್ಮ ಕಾಗದ ಪೂರ್ತಿ ಓದಿದೆ, ಆಮೇಲೆ ಇದನ್ನೂ ಓದಿದೆ. ಪೀರಮ್ಮ ಉದ್ದಕ್ಕೂ ಅವಳ ತೊಡೆಯ ಮೇಲೇ ಕೂತಿದ್ದಳು. ಹಾಜಿರಾಬೀ ನಿಮ್ಮದು ಕೇಳಿ ಅತ್ತಳು. ನನ್ನದು ಕೇಳಿ ಅಳಲಿಲ್ಲ. ‘ಅಫೀಮು ನೀ ಕೊಟ್ಟಿದ್ದು ಅವತ್ತ ಗೊತ್ತಿತ್ತು. ನನ್ನ ಮ್ಯಾಲ ಹಾಕಿದ್ದು ಗೊತ್ತಿರಲಿಲ್ಲ’ ಎಂದಳು. ಕೂಸಿನ ಕೂದಲು ಹಿಂದಕ್ಕೆ ಸವರಿ, ನಾಳೆ ಮುಂಜಾನೆ ಕೂಸನ್ನು ತಂದು ಬಿಡು ಎಂದಳು. ಸಿಂಧನೂರಿನ ವಿಚಾರ ಈ ತಿಂಗಳ ಕಡೆಯ ಐತವಾರದ ತನಕ ಮುಂದೆ ಹಾಕಿದ್ದಾಳೆ. ಅಷ್ಟರೊಳಗೆ ನೀವು ಕೈಯಾರೆ ಬರೆದ ಮಾತು ಬರಬೇಕು, ಇಲ್ಲದಿದ್ದರೆ ಹೋಗುತ್ತಾಳೆ. ಈ ಸಲ ಬೇರೆ ಲಕೋಟೆಯಲ್ಲಿ, ಅವಳ ಹೆಸರಿಗೇ ಬರೆಯಿರಿ. ನನ್ನ ಕಾಗದಕ್ಕಿಂತ ಉದ್ದ ಬರೆದರೂ ನನಗೇನೂ ಅನಿಸುವುದಿಲ್ಲ. ಅನಿಸುತ್ತದೆ, ಆದರೂ ಬರೆಯಿರಿ. ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ.