ಜೈಲು ನೋಡಲು ಬಂದ ಮಕ್ಕಳು

ತಂಗೀ,

ಸುಖವಾಗಿ ಬಂದು ತಲುಪಿದೆ. ಮೊಣಕಾಲು ಊದಿದೆ, ಮಾತ್ರೆ ತಪ್ಪಿಸಿಲ್ಲ.

ಪುಂಡ ಮಕ್ಕಳಿಗೆ ಜೈಲು ತೋರಿಸಿ ಹೆದರಿಸಿದರೆ ದಾರಿಗೆ ಬರುತ್ತಾರೆಯೇ ಎಂದು ಮೊದಲು ಅಳೆದು ನೋಡಿದವಳು ನಾನು ತಾನೇ? ಜೈಲು ನೋಡಿದವರೇ, ನೋಡದವರಿಗಿಂತ ಹೆಚ್ಚು ಕಳ್ಳತನಕ್ಕಿಳಿದರು ಎಂದು ಬರೆದು ಮೂವತ್ತು ವರ್ಷವಾಯಿತು. ಆ ಕೆಲಸಕ್ಕೇ ಸನ್ಮಾನವೆಂದು ಕರೆಸಿದವರು ಬೆಳಿಗ್ಗೆ ನನ್ನನ್ನು ಇಲ್ಲಿಯ ಜೈಲಿಗೆ ಕರೆದೊಯ್ದರು. ಒಳಗೆ ಒಂದು ಬಸ್ಸಿನಷ್ಟು ಮಕ್ಕಳು. ಕೈದಿಯೊಬ್ಬ ಕಂಬಿಗೆ ತಟ್ಟೆ ಬಡಿದು ಅರಚುತ್ತಿದ್ದ. ಹನ್ನೆರಡರ ಹುಡುಗಿಯೊಬ್ಬಳು ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡಳು. ಉಳಿದವರು ನಕ್ಕರು.

"ನನ್ನ ವರದಿ ಓದಿದ್ದೀರಾ?" ಎಂದು ಜೈಲರನ್ನು ಕೇಳಿದೆ.

"ಅಷ್ಟು ದಪ್ಪ ಪುಸ್ತಕ ಯಾರು ಓದ್ತಾರೆ ಮೇಡಂ? ಮಕ್ಕಳು ಹೆದರೋದು ಕಣ್ಣಿಗೇ ಕಾಣ್ತಿದೆಯಲ್ಲ," ಎಂದರು. ಪಾಪ, ಒಳ್ಳೆಯ ಮನುಷ್ಯ.

ಸಂಜೆ ವೇದಿಕೆಯಲ್ಲಿ, ಇದರಿಂದ ಮಕ್ಕಳು ಕೆಡುತ್ತಾರೆ, ನಿಲ್ಲಿಸಿ ಎಂದು ಬಿಡಿಸಿ ಹೇಳಿದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜೈಲರು ಕೈಹಿಡಿದು ಮೆಟ್ಟಿಲಿಳಿಸುತ್ತಾ, "ಮುಂದಿನ ವಾರದಿಂದ ಎರಡು ಬಸ್ಸು ಮಕ್ಕಳು ಮೇಡಂ, ಕಾರ್ಯಕ್ರಮಕ್ಕೆ ನಿಮ್ಮದೇ ಹೆಸರಿಟ್ಟು," ಎಂದರು.

ಮೂವತ್ತು ವರ್ಷ ನೀರಿನಲ್ಲಿ ಹೋಮ ಮಾಡಿದೆ ಕಣೇ. ನಾಳೆ ಹೊರಡುತ್ತೇನೆ. ಯಾರಾದರೂ ಕೇಳಿದರೆ ಸನ್ಮಾನ ಚೆನ್ನಾಗಾಯಿತಂತೆ ಅನ್ನು.

ಅವಸರದಲ್ಲಿ,
ಅಕ್ಕ